ಬೊಗೊಟಾ, ಲಿಮಾ, ಕುಸ್ಕೊ: ಸ್ಪ್ಯಾನಿಷ್ ಬಾರದೆ ಹೊರಟವರ ಅನುಭವ

ದಕ್ಷಿಣ ಅಮೆರಿಕಕ್ಕೆ ಹೋಗಿ ಬಂದೆವು ಎಂದ ಕೂಡಲೇ ನೆಂಟರು, ಹಳೆಯ ಸಹೋದ್ಯೋಗಿಗಳು ಎಲ್ಲರೂ ಎರಡೇ ಮಾತು ಕೇಳುತ್ತಾರೆ. ವೀಸಾ ಹೇಗೆ ಮಾಡಿಸಿದಿರಿ? ಭಾಷೆಗೆ ಏನು ಮಾಡಿದಿರಿ? ಹೊರಡುವ ಮುಂಚೆ ನಾವೂ ಇವನ್ನೇ ಕಂಡಕಂಡವರಲ್ಲಿ ಕೇಳಿದ್ದೆವು. ಕನ್ನಡದಲ್ಲಿ ಬಿಡಿಸಿ ಹೇಳುವವರು ಸಿಗಲಿಲ್ಲ. ನೆನಪು ಹಸಿಯಾಗಿರುವಾಗಲೇ ಮೊದಲಿನಿಂದ ಬರೆದಿಡುತ್ತಿದ್ದೇನೆ, ಮುಂದೆ ಹೊರಡುವವರಿಗೆ ಅಲೆದಾಟ ತಪ್ಪಲಿ.

ನಮ್ಮದು ಹಾಸನ ತಾಲ್ಲೂಕಿನಲ್ಲಿ ಆಲೂಗೆಡ್ಡೆ ಬೆಳೆಯುವ ಮನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ ಆಗಿದ್ದು ನಿವೃತ್ತಳಾದವಳು. ನಮ್ಮನೆಯವರು ಬೇಸಾಯ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ವರ್ಷವರ್ಷವೂ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬರುವುದನ್ನು ಎಪಿಎಂಸಿ ಯಾರ್ಡಿನಲ್ಲಿ ಕಾಯುವುದು, ಮುಂಗಾರು ಜಡಿ ಹಿಡಿದರೆ ಅಂಗಮಾರಿ ರೋಗಕ್ಕೆ ಹೆದರಿ ರಾತ್ರಿ ನಿದ್ದೆಗೆಡುವುದು, ಇದರಲ್ಲೇ ಇವರ ಆಯುಷ್ಯ ಕಳೆದಿದೆ. ಆ ಗೆಡ್ಡೆಯ ತವರು ಪೆರು ದೇಶದ ಆಂಡೀಸ್ ಬೆಟ್ಟ ಎಂದು ಕೃಷಿ ಇಲಾಖೆಯ ತರಬೇತಿಯೊಂದರಲ್ಲಿ ಕೇಳಿದ ಮೇಲೆ, ಅಲ್ಲಿಗೊಮ್ಮೆ ಹೋಗಬೇಕು ಎಂಬ ಆಸೆ ಇವರಲ್ಲಿ ಉಳಿದುಬಿಟ್ಟಿತ್ತು. ಮಗಳು, ಅಳಿಯ ಹ್ಯೂಸ್ಟನ್‌ನಲ್ಲಿದ್ದಾರೆ. ಅಲ್ಲಿಂದ ಕೊಲಂಬಿಯಾದ ರಾಜಧಾನಿ ಬೊಗೊಟಾಕ್ಕೆ ಐದು ಗಂಟೆಯ ವಿಮಾನ, ಬೊಗೊಟಾದಿಂದ ಪೆರುವಿನ ರಾಜಧಾನಿ ಲಿಮಾಕ್ಕೆ ಮೂರು ಗಂಟೆ. ಬೆಂಗಳೂರಿನಿಂದ ಹೊರಟರೆ ಆಗುವ ದೂರ, ಖರ್ಚು ನೋಡಿದರೆ ಮಗಳ ಮನೆಗೆ ಹೋದಾಗಲೇ ಇದನ್ನೂ ಮುಗಿಸುವುದು ಸರಿ ಅನ್ನಿಸಿತು.

ವೀಸಾ ವಿಷಯ ಮೊದಲು ಹೇಳಿಬಿಡುತ್ತೇನೆ. ಮಗಳ ಮನೆಗೆಂದು ಮಾಡಿಸಿದ ಅಮೆರಿಕದ ಪ್ರವಾಸಿ ವೀಸಾ ನಮ್ಮಿಬ್ಬರಿಗೂ ಇತ್ತು. ಅದಿರುವ ಭಾರತೀಯ ಪ್ರವಾಸಿಗರಿಗೆ ಪೆರು ಬೇರೆ ವೀಸಾ ಕೇಳುವುದಿಲ್ಲ. ಅಮೆರಿಕದ್ದಾಗಲಿ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಆಗಲಿ, ಅದಕ್ಕೆ ಇನ್ನೂ ಕನಿಷ್ಠ 6 ತಿಂಗಳು ಅವಧಿ ಉಳಿದಿರಬೇಕು. ಕೊಲಂಬಿಯಾದಲ್ಲೂ ಹಾಗೆಯೇ, ಅಮೆರಿಕ ಅಥವಾ ಷೆಂಗೆನ್ ವೀಸಾ ಇದ್ದು 180 ದಿನ ಬಾಕಿ ಇರಬೇಕು. ಇವು ಯಾವುದೂ ಇಲ್ಲದವರು ಆಯಾ ದೇಶದ ವೀಸಾವನ್ನು ಮೊದಲೇ ಮಾಡಿಸಿಕೊಳ್ಳಬೇಕು. ಅವರು ಈ ಕೆಲಸಕ್ಕೆ ಬೇರೆಯಾಗಿ ಒಂದೆರಡು ತಿಂಗಳು ಇಟ್ಟುಕೊಳ್ಳಲಿ. ಬ್ರೆಜಿಲ್‌ಗೆ ಅದರದೇ ವೀಸಾ ಬೇಕು, ಭಾಷೆಯೂ ಪೋರ್ಚುಗೀಸ್. ಒಂದು ಭಾಷೆಯನ್ನು ತಕ್ಕಮಟ್ಟಿಗೆ ಕಲಿಯುವುದೇ ದೊಡ್ಡದು ಎಂದು ಬ್ರೆಜಿಲ್ ಕೈಬಿಟ್ಟೆವು. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ದಿನವೂ ಹೊರಡುವ ವಾರವೂ ಆಯಾ ದೇಶದ ವಿದೇಶಾಂಗ ಇಲಾಖೆಯ ಪುಟವನ್ನು ನೋಡಿ, ಆ ಪುಟದ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಆ ಕಾಗದ ನಮ್ಮನ್ನು ಕಾಪಾಡಿತು, ಮುಂದೆ ಹೇಳುತ್ತೇನೆ.

ಊರಿನಲ್ಲೇ ಮಾಡಿಸಿಕೊಂಡು ಹೊರಡಬೇಕಾದದ್ದು ಹಳದಿ ಜ್ವರದ, ಅಂದರೆ ಯೆಲ್ಲೊ ಫೀವರ್‌ನ, ಲಸಿಕೆ. ಪೆರು, ಕೊಲಂಬಿಯಾ ಎರಡೂ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ನಿಲ್ದಾಣದಿಂದ ನೇರ ಪ್ರತ್ಯೇಕವಾಸಕ್ಕೆ ಕಳಿಸುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತನೇ ದಿನದಿಂದ ಪ್ರಮಾಣಪತ್ರಕ್ಕೆ ಬೆಲೆ. ಇದನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ನಾವು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ಒಂದು ಬಾಟಲಿಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾಗಾಗಿ ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಹಾಕುತ್ತಾರೆ. ಮೂಲ ಪಾಸ್‌ಪೋರ್ಟ್ ಬೇಕೇ ಬೇಕು, ಅದರ ನಂಬರನ್ನೇ ಪ್ರಮಾಣಪತ್ರದ ಹಳದಿ ಪುಸ್ತಕದಲ್ಲಿ ಬರೆಯುವುದು. ಇವರಿಗೆ ಅರವತ್ತು ದಾಟಿರುವುದರಿಂದ ವೈದ್ಯರ ಪತ್ರವಿಲ್ಲದೆ ಲಸಿಕೆ ಹಾಕುವುದಿಲ್ಲ ಎಂದರು. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ವಯಸ್ಸಾದವರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿಸುವ ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು. ಹಾಸನಕ್ಕೆ ವಾಪಸು ಬಂದು ಪತ್ರ ಮಾಡಿಸಿ ಮತ್ತೆ ಹೋಗುವಷ್ಟರಲ್ಲಿ ನನಗೆ ಧೈರ್ಯವೇ ಕುಸಿದಿತ್ತು. ಪ್ರಯಾಣವೇ ಬೇಡ ಎಂದು ಇವರಿಗೆ ಹೇಳಿದ್ದೂ ಉಂಟು. ಲಸಿಕೆಯ ಶುಲ್ಕ ಮಾತ್ರ ಕೆಲವು ನೂರು ರೂಪಾಯಿಯಲ್ಲಿ ಮುಗಿಯಿತು. ಇದೇ ಲಸಿಕೆ ಅಮೆರಿಕದಲ್ಲಿ ಬಹಳ ದುಬಾರಿ ಎಂದು ಮಗಳು ಆಮೇಲೆ ಹೇಳಿದಳು.

ನಮ್ಮ ಕಡೆಯ ಎಷ್ಟೋ ಜನರಿಗೆ ಬರುವ ಇನ್ನೊಂದು ತೊಡಕು ಹೆಸರಿನದು. ಇವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಾಗಿ ಅಮೆರಿಕದ ವೀಸಾದಲ್ಲಿ ಇವರ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಕಡೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗಿದೆ. ಪೆರು, ಕೊಲಂಬಿಯಾಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೂ ತಂದೆಯ ಕಡೆಯದು, ತಾಯಿಯ ಕಡೆಯದು ಎಂದು ಎರಡು ಮನೆತನದ ಹೆಸರಿರುತ್ತದೆ. ಅಲ್ಲಿನ ಅರ್ಜಿಗಳು ಖಾಲಿ ಬಿಟ್ಟರೆ ಮುಂದೆ ಹೋಗುವುದೇ ಇಲ್ಲ. ವಿಮಾನದವರಿಗೆ ಫೋನು ಮಾಡಿ ಕೇಳಿದೆವು, ವೀಸಾದಲ್ಲಿರುವಂತೆಯೇ ಟಿಕೆಟ್ ಮಾಡಿಸಿ ಎಂದರು. ಪೆರುವಿನ ಹಳೆಯ ಇಂಕಾ ನಗರ ಮಾಚುಪಿಚು ನೋಡುವ ಟಿಕೆಟಿನಲ್ಲಿ ಇದ್ದ ಒಂದೇ ಹೆಸರನ್ನು ಎರಡೂ ಕಡೆ ತುಂಬಿದೆವು. ಬಾಗಿಲಲ್ಲಿ ತಡೆದಾರೇನೋ ಎಂಬ ಭಯ ಕೊನೆಯವರೆಗೂ ಇತ್ತು. ಅಲ್ಲಿದ್ದವರು ಪಾಸ್‌ಪೋರ್ಟ್ ನಂಬರನ್ನು ಹೊಂದಿಸಿ ನೋಡಿ ಬಿಟ್ಟರು. ನಂಬರ್‌ನಲ್ಲಿ ಒಂದಕ್ಷರವೂ ತಪ್ಪದಂತೆ ನೋಡಿಕೊಳ್ಳಿ.

ಹಣ ಕಟ್ಟುವಾಗಲೂ ಕಾಯಬೇಕಾಯಿತು. ನಮ್ಮ ಬ್ಯಾಂಕಿನ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಆ್ಯಪ್‌ನಲ್ಲಿ ತೆರೆದಿಟ್ಟರೂ ಒಟಿಪಿ ಹ್ಯೂಸ್ಟನ್‌ನಲ್ಲಿದ್ದ ಫೋನಿಗೆ ಬರಲಿಲ್ಲ, ಸಿಮ್‌ಗೆ ರೋಮಿಂಗ್ ಇರಲಿಲ್ಲವಲ್ಲ. ಪಾವತಿಗೆ ಕೊಟ್ಟ ಸಮಯ ಮುಗಿದು ಟಿಕೆಟ್ ಕೈತಪ್ಪುವುದು, ಮತ್ತೆ ಮೊದಲಿನಿಂದ ತುಂಬುವುದು. ಕೊನೆಗೆ ಮಗಳ ಕಾರ್ಡಿನಲ್ಲಿ ಆಯಿತು. ಒಟಿಪಿ ಬರುವ ಸಿಮ್‌ಗೆ ಊರಿನಲ್ಲೇ ರೋಮಿಂಗ್ ಹಾಕಿಸಿ. ಮಾಚುಪಿಚು, ಅಲ್ಲಿಗೆ ಹೋಗುವ ರೈಲು, ಈ ಎರಡನ್ನು ಸಾಧ್ಯವಾದರೆ ಭಾರತದಲ್ಲಿರುವಾಗಲೇ ತೆಗೆದುಬಿಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಟಿಕೆಟ್‌ಗಳು ತಿಂಗಳುಗಳ ಮುಂಚೆಯೇ ಮುಗಿಯುತ್ತವೆ.

ಇನ್ನು ಭಾಷೆ. ನಮಗೆ ಬರುವುದು ಕನ್ನಡ. ನನಗೆ ಕೆಲಸ ಸಾಗುವಷ್ಟು ಇಂಗ್ಲಿಷ್, ಇವರಿಗೆ ಸಂತೆಯಲ್ಲಿ ಕಲಿತ ಒಂದಿಷ್ಟು ತಮಿಳು, ಹಿಂದಿ. ನಾನು ಮೊದಲು ಇಂಗ್ಲಿಷ್ ಪುಸ್ತಕವೊಂದನ್ನು ಹಿಡಿದು ಕೂತೆ, ಉಚ್ಚಾರಣೆ ನಾಲಿಗೆಗೆ ಹತ್ತಲಿಲ್ಲ. ಆಮೇಲೆ ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲು ಶುರುಮಾಡಿದೆ. ಎಲ್ಲ ಹಗುರವಾಯಿತು. ಸ್ಪ್ಯಾನಿಷ್‌ನ ಸ್ವರಗಳು ನಮ್ಮ ಅ, ಎ, ಇ, ಒ, ಉ ಇದ್ದ ಹಾಗೆಯೇ. ತ, ದ ಕೂಡ ನಮ್ಮ ತ, ದಗಳೇ, ಇಂಗ್ಲಿಷಿನ ಟ, ಡ ಅಲ್ಲ. ಬರೆದ ಹಾಗೆ ಓದುವ ಭಾಷೆ. ಅಂಗಡಿಯಲ್ಲಿ 'ಕ್ವಾಂತೊ?' ಎಂದರೆ ಎಷ್ಟು, 'ಆ ಕೆ ಓರಾ?' ಎಂದರೆ ಎಷ್ಟು ಹೊತ್ತಿಗೆ. ಹೀಗೆ ಎರಡು ಹಾಳೆ ತುಂಬಾ ಬರೆದು, ಇವರಿಗೂ ಒಂದು ಪ್ರತಿ ಮಾಡಿಕೊಟ್ಟೆ. ಕನ್ನಡ ಓದಬಲ್ಲವರು ಇದನ್ನು ಮಾಡಿಯೇ ನೋಡಬೇಕು.

ಹ್ಯೂಸ್ಟನ್‌ನಲ್ಲಿ ಸ್ಪ್ಯಾನಿಷ್ ಮಾತನಾಡುವವರು ಬಹಳ. ಮನೆ ಹತ್ತಿರದ ಮೆಕ್ಸಿಕೊದವರ ತರಕಾರಿ ಅಂಗಡಿಯಲ್ಲಿ ಅಭ್ಯಾಸ ಮಾಡಲು ಹೋದೆ. ಕೊತ್ತಂಬರಿ ಎಲ್ಲಿದೆ ಎಂದು ಚೆನ್ನಾಗಿಯೇ ಕೇಳಿದೆ. ಆಕೆ ಖುಷಿಯಿಂದ ಉದ್ದಕ್ಕೆ ಏನೋ ಹೇಳಿದಳು, ಒಂದು ಪದವೂ ನನಗೆ ಹಿಡಿಯಲಿಲ್ಲ. ಅಲ್ಲೇ ನನಗೆ ಹೊಳೆದದ್ದು: ಪ್ರಶ್ನೆ ಕಲಿಯುವುದು ಸುಲಭ, ಉತ್ತರ ತಿಳಿಯುವುದೇ ಕಷ್ಟ. ಎಲ್ಲ ಪುಸ್ತಕಗಳೂ, ಆ್ಯಪ್‌ಗಳೂ ಪ್ರಶ್ನೆಯನ್ನೇ ಕಲಿಸುತ್ತವೆ. ನಾನು ನನ್ನ ಹಾಳೆಗಳನ್ನು ಹರಿದುಹಾಕಿ ಹೊಸದಾಗಿ ಬರೆದೆ. ಉತ್ತರವು ಹೌದು ಅಥವಾ ಅಲ್ಲ, ಇಲ್ಲವೇ ಒಂದು ಅಂಕಿ, ಇಲ್ಲವೇ ಕೈತೋರಿಸುವುದು, ಇಷ್ಟರಲ್ಲೇ ಮುಗಿಯುವಂಥ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡೆ. 'ಬಸ್ಸು ಎಲ್ಲಿ ಸಿಗುತ್ತದೆ' ಎನ್ನುವುದರ ಬದಲು ಬಸ್ಸಿನ ಪಕ್ಕ ನಿಂತು ಊರ ಹೆಸರು ಹೇಳಿ 'ಸೀ?', ಹೌದೇ, ಎನ್ನುವುದು. 'ಯಾವಾಗ ಹೊರಡುತ್ತದೆ' ಎಂದು ಕೇಳಿ ಕೂಡಲೇ ಪೆನ್ನು, ಕಾಗದ ಮುಂದಿಟ್ಟು 'ಪ್ವೆದೆ ಎಸ್ಕ್ರಿಬಿರ್ಲೊ?', ಬರೆದುಕೊಡುತ್ತೀರಾ, ಎನ್ನುವುದು. ಉದ್ದ ಮಾತು ಬೇಕಾದ ಕೆಲಸಗಳನ್ನೆಲ್ಲ, ಅಂದರೆ ಹೋಟೆಲ್, ವಿಮಾನ, ನಿಲ್ದಾಣದಿಂದ ಹೋಟೆಲಿಗೆ ಕಾರು, ರೈಲು, ಮನೆಯಲ್ಲಿ ಕೂತೇ ಮುಗಿಸಿದೆವು. ಬೀದಿಗೆ ಉಳಿಸಿದ್ದು ಊಟ, ಟ್ಯಾಕ್ಸಿ, ಸಂತೆ ಮಾತ್ರ.

ಹಾಗಾಗಿ ನನ್ನ ಪಾಠದ ಮುಕ್ಕಾಲು ಪಾಲು ಅಂಕಿಗಳೇ ಆದವು. ಹೇಳುವುದಲ್ಲ, ಕೇಳಿ ತಿಳಿಯುವುದು. ಮಗಳು ಫೋನಿನಲ್ಲಿ ಅಡ್ಡಾದಿಡ್ಡಿ ಅಂಕಿ ಹೇಳಿಸುವುದು, ನಾನೂ ಇವರೂ ಬರೆಯುವುದು. ಅರವತ್ತು 'ಸೆಸೆಂತಾ', ಎಪ್ಪತ್ತು 'ಸೆತೆಂತಾ', ಇವೆರಡೂ ಕೊನೆಯವರೆಗೂ ಕಾಡಿದವು. ಎರಡು 'ದೋಸ್', ಹನ್ನೆರಡು 'ದೋಸೆ'. ಇದು ಇವರಿಗೆ ಒಂದೇ ಸಲಕ್ಕೆ ಬಂತು. ಬಾಗಿಲಲ್ಲೇ 'ಬ್ವೆನೊಸ್ ದಿಯಾಸ್', ಮಧ್ಯಾಹ್ನದ ಮೇಲೆ 'ಬ್ವೆನಾಸ್ ತಾರ್ದೆಸ್' ಎಂದು ನಮಸ್ಕಾರ ಹೇಳಿಯೇ ಮುಂದಿನ ಮಾತು ಆಡಿ. ಅಲ್ಲಿ ನಮಸ್ಕಾರವಿಲ್ಲದೆ ಬೆಲೆ ಕೇಳುವುದು ಒರಟುತನ.

ಹ್ಯೂಸ್ಟನ್ ನಿಲ್ದಾಣದ ಚೆಕ್-ಇನ್ ಮೇಜು ನಮ್ಮ ಪ್ರಯಾಣದ ಅತಿ ಕಷ್ಟದ ಗಳಿಗೆ. ಅಲ್ಲಿನ ಹುಡುಗಿ ನಮ್ಮ ಪಾಸ್‌ಪೋರ್ಟ್ ತಿರುಗಿಸಿ ತಿರುಗಿಸಿ ನೋಡಿ, ಭಾರತೀಯರಿಗೆ ಕೊಲಂಬಿಯಾ ವೀಸಾ ಬೇಕು, ಎಲ್ಲಿದೆ ಎಂದಳು. ಅಮೆರಿಕದ ವೀಸಾ ತೋರಿಸಿದೆ. ಅದು ಇಲ್ಲಿಗೆ ಬರಲು, ಅಲ್ಲಿಗೆ ಹೋಗಲು ಅಲ್ಲ ಎಂದಳು. ಕೊಲಂಬಿಯಾದ ವಿದೇಶಾಂಗ ಇಲಾಖೆಯ ಪುಟದ ಪ್ರಿಂಟ್ ಮುಂದಿಟ್ಟೆ. ಆಕೆ ಮೇಲಿನವರನ್ನು ಕರೆದಳು, ಅವರು ಬರುವುದಕ್ಕೆ ಹೊತ್ತಾಯಿತು. ನಮ್ಮ ಹಿಂದಿನ ಸಾಲಿನವರನ್ನೆಲ್ಲ ಬೇರೆ ಮೇಜಿಗೆ ಕಳಿಸಿದರು, ನಾವಿಬ್ಬರೇ ಪೆಟ್ಟಿಗೆ ಹಿಡಿದು ನಿಂತಿದ್ದೆವು. ಇವರು ಮಾತಾಡದೆ ನನ್ನ ಮುಖ ನೋಡುತ್ತಿದ್ದರು, ಇಷ್ಟು ವರ್ಷದ ಆಸೆ ಇಲ್ಲಿಗೇ ನಿಂತಿತಲ್ಲ ಎಂದು ನನಗೆ ಗಂಟಲು ಕಟ್ಟಿತು. ಬಂದ ಮೇಲಧಿಕಾರಿ ವಿಮಾನದವರು ಬಳಸುವ ಟಿಮ್ಯಾಟಿಕ್ ಎಂಬ ನಿಯಮಗಳ ಕೋಶವನ್ನು ತೆರೆದು, ನನ್ನ ಕಾಗದದಲ್ಲಿದ್ದ ಸಾಲನ್ನೇ ಅದರಲ್ಲಿ ಹುಡುಕಿ, ವೀಸಾದ ಕೊನೆಯ ದಿನಾಂಕವನ್ನು ಲೆಕ್ಕ ಹಾಕಿ, ಪೆರುವಿಗೆ ಹೋಗುವ ಟಿಕೆಟ್, ವಾಪಸು ಟಿಕೆಟ್ ಎರಡನ್ನೂ ನೋಡಿ, ಸರಿ ಎಂದರು. ಈ ವಿನಾಯಿತಿ ಮೇಜಿನಲ್ಲಿರುವ ಎಲ್ಲರಿಗೂ ಗೊತ್ತಿರುವುದಿಲ್ಲ. ಮೂರು ಗಂಟೆಗೂ ಮುಂಚೆ ನಿಲ್ದಾಣ ಸೇರಿ, ಕಾಗದ ಫೋನಿನಲ್ಲಿದ್ದರೆ ಸಾಲದು, ಕೈಯಲ್ಲಿರಲಿ. ಕೊಲಂಬಿಯಾಕ್ಕೆ 'ಚೆಕ್ ಮಿಗ್' ಎಂಬ ಅರ್ಜಿಯನ್ನೂ ಹಿಂದಿನ 72 ಗಂಟೆಯೊಳಗೆ ತುಂಬಿರಬೇಕು, ಆ ದೇಶದಿಂದ ಹೊರಡುವಾಗ ಮತ್ತೊಂದು. ಅದು ಉಚಿತ, ಹಣ ಕೇಳುವ ಪುಟ ಕಂಡರೆ ಅದು ಸರ್ಕಾರದ್ದಲ್ಲ.

ಬೊಗೊಟಾದಲ್ಲಿ ವಲಸೆ ಅಧಿಕಾರಿ ಕೇಳಿದ ಒಂದೇ ಪ್ರಶ್ನೆ ಎಷ್ಟು ದಿನ ಎಂಬುದು. ಅಂಕಿ ಹೇಳಿದೆ, ಮುದ್ರೆ ಒತ್ತಿದರು.

ಆ ಊರು 2,640 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಹೋಟೆಲಿನ ಮಹಡಿ ಹತ್ತುವುದರೊಳಗೆ ಉಸಿರು ಕಟ್ಟಿತು. ಮೊದಲ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಭಾಷೆ ಬಾರದವರಿಗೆ ಬೊಗೊಟಾದಷ್ಟು ಅನುಕೂಲದ ಊರು ಮತ್ತೊಂದಿರಲಾರದು ಅನ್ನಿಸುತ್ತದೆ, ಏಕೆಂದರೆ ವಿಳಾಸಗಳೆಲ್ಲ ಅಂಕಿಯಲ್ಲಿವೆ. ಪೂರ್ವಕ್ಕೆ ಗೋಡೆಯಂತೆ ಬೆಟ್ಟ, ಎಲ್ಲಿ ನಿಂತರೂ ಕಾಣುತ್ತದೆ. ಬೆಟ್ಟಕ್ಕೆ ಸಮಾನಾಂತರವಾಗಿ ಹೋಗುವ ರಸ್ತೆ 'ಕಾರೆರಾ', ಬೆಟ್ಟದಿಂದ ದೂರ ಹೋದಂತೆ ಅದರ ಅಂಕಿ ಏರುತ್ತದೆ. ಅಡ್ಡಕ್ಕೆ ಬರುವುದು 'ಕಾಯೆ', ಉತ್ತರಕ್ಕೆ ಹೋದಂತೆ ಏರುತ್ತದೆ. ಚಿನ್ನದ ವಸ್ತುಸಂಗ್ರಹಾಲಯದ ವಿಳಾಸ ಕಾರೆರಾ 6, 15-88. ಅಂದರೆ ಆರನೇ ಕಾರೆರಾದಲ್ಲಿ, ಹದಿನೈದನೇ ಕಾಯೆ ದಾಟಿ 88 ಮೀಟರ್. ಯಾರನ್ನೂ ಕೇಳದೆ ನಡೆದು ತಲುಪಿದೆವು. ಸೋಮವಾರ ಅದಕ್ಕೆ ರಜೆ. ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ದೊಡ್ಡ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್ ಹೊಡೆಯುವವರಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಆ ದಿನ ಅಲ್ಲಿರುವಂತೆ ನೋಡಿಕೊಂಡರೆ ಹೆದರಿಕೆಯಿಲ್ಲದೆ ಊರು ನೋಡಬಹುದು. ಉಳಿದ ದಿನ ಬೀದಿಯಲ್ಲಿ ಫೋನು ಹಿಡಿದು ನಿಲ್ಲಬೇಡಿ, ಕಸಿದುಕೊಂಡು ಓಡುವವರಿದ್ದಾರೆ ಎಂದು ಹೋಟೆಲಿನವರು ಮತ್ತೆ ಮತ್ತೆ ಎಚ್ಚರಿಸಿದರು. ಅನುವಾದದ ಆ್ಯಪ್ ಅಂಗಡಿ, ಹೋಟೆಲಿನ ಒಳಗೆ ಮಾತ್ರ. ರಸ್ತೆಯಲ್ಲಿ ಕಾಗದದ ಹಾಳೆಯೇ ಗತಿ.

ಬೆಲೆ ಕೇಳುವಾಗ ಒಂದು ಗಮನ ಬೇಕು. ಡಾಲರಿಗೆ ಆಗ ಸುಮಾರು 4,000 ಪೆಸೊ ಆಗುತ್ತಿದ್ದುದರಿಂದ ಎಲ್ಲವೂ ಸಾವಿರಗಳಲ್ಲೇ. ಅಂಗಡಿಯವರು ಸಾವಿರ ಎನ್ನುವುದನ್ನು ಬಿಟ್ಟು ಬರೀ 'ಇಪ್ಪತ್ತು' ಎಂದುಬಿಡುತ್ತಾರೆ. ಬರೆಯುವಾಗ ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕೆ ಇಡುತ್ತಾರೆ, 20.000 ಎಂದರೆ ಇಪ್ಪತ್ತು ಸಾವಿರ. ಇವರಿಗೆ ಆ ಊರು ಹಿಡಿಸಿದ್ದು ಪಾನೆಲಾದಿಂದ. ಅದು ಕಬ್ಬಿನ ಬೆಲ್ಲವೇ, ಅಚ್ಚಿನಲ್ಲಿ ಮಾರುತ್ತಾರೆ. ಬಿಸಿನೀರಿಗೆ ಹಾಕಿ ನಿಂಬೆ ಹಿಂಡಿ ಕೊಡುತ್ತಾರೆ. ಸಂಜೆಯ ಮಳೆ, ಚಳಿಗೆ ಅದನ್ನು ಕುಡಿಯುತ್ತಾ ಇವರು ಮೊದಲ ಸಲ ನಿರಾಳವಾಗಿ ಕೂತರು.

ಊಟದ ಮಾತು ಇಲ್ಲೇ ಹೇಳುತ್ತೇನೆ. ನಾವು ಮಾಂಸ ತಿನ್ನುವವರಲ್ಲ. 'ಸಿನ್ ಕಾರ್ನೆ', ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಕೋಳಿ ಹಾಕಿ ತರುತ್ತಾರೆ, ಅವರ ಬಳಕೆಯಲ್ಲಿ ಅದು ದನ, ಹಂದಿಯ ಮಾಂಸಕ್ಕೆ ಹೇಳುವ ಮಾತು. ಕೋಳಿ, ಮೀನು, ಹಂದಿ ತೊಡೆ, ಮೂಳೆಯ ಸಾರು, ಒಂದೊಂದನ್ನೂ ಹೆಸರಿಸಿ ಬೇಡ ಎಂದು ಸ್ಪ್ಯಾನಿಷ್‌ನಲ್ಲೇ ಅಚ್ಚು ಹಾಕಿಸಿದ ಚೀಟಿಯನ್ನು ಮಗಳ ಪಕ್ಕದ ಮನೆಯವರಿಂದ ಸರಿ ಮಾಡಿಸಿಕೊಂಡು ಹೋಗಿದ್ದೆ. ಸೂಪ್‌ಗಳ ವಿಷಯದಲ್ಲಿ ಎಚ್ಚರ, ತರಕಾರಿ ಸೂಪ್ ಎಂದರೂ ನೀರು ಕೋಳಿಯದಿರುತ್ತದೆ. ಕೊಲಂಬಿಯಾದಲ್ಲಿ ಚೀಸ್ ತುಂಬಿದ, ಮುಸುಕಿನ ಜೋಳದ ಅರೆಪಾ ಎಂಬ ರೊಟ್ಟಿ, ಪೆರುವಿನಲ್ಲಿ 'ಚೀಫಾ' ಎಂಬ ಚೀನೀ ಹೋಟೆಲುಗಳ ತರಕಾರಿ ಅನ್ನ, ಹಸಿ ಮುಸುಕಿನ ಜೋಳಕ್ಕೆ ಚೀಸ್, ಹಳದಿ ಮೆಣಸಿನಕಾಯಿಯ ಗೊಜ್ಜು ಹಾಕಿದ ಬೇಯಿಸಿದ ಆಲೂಗೆಡ್ಡೆ, ಬೆಣ್ಣೆಹಣ್ಣು, ಇಷ್ಟರಲ್ಲಿ ದಿನ ಕಳೆಯಿತು. ಚಟ್ನಿಪುಡಿ ಒಯ್ದಿದ್ದೆವು, ಅದು ನೆರವಾಯಿತು. ಮಾತ್ರೆಗಳಿಗೂ ಔಷಧದ ಮೂಲ ಹೆಸರು ಬರೆದ ಚೀಟಿ ಇರಲಿ. ಪ್ಯಾರಾಸಿಟಮಾಲ್ ಪೆರುವಿನಲ್ಲಿ ಅದೇ ಹೆಸರಿಗೆ ಸಿಗುತ್ತದೆ, ಕೊಲಂಬಿಯಾದಲ್ಲಿ ಅಸೆತಾಮಿನೊಫೆನ್ ಎನ್ನಬೇಕು.

ಲಿಮಾ ಸಮುದ್ರದ ಊರು, ಆದರೆ ನಾವು ಹೋದ ಆಗಸ್ಟ್ ಅಲ್ಲಿ ಚಳಿಗಾಲ. ಇಡೀ ದಿನ ಬೂದು ಮೋಡ, ಬಿಸಿಲೇ ಇಲ್ಲ, ತೊಳೆದ ಬಟ್ಟೆ ಒಣಗುವುದಿಲ್ಲ. ಮಿರಾಫ್ಲೋರೆಸ್ ಬಡಾವಣೆಯಲ್ಲಿ ಉಳಿದೆವು. ಹೋಟೆಲಿನಲ್ಲಿ ವಿದೇಶಿ ಪ್ರವಾಸಿಗರಿಗೆ 18% ತೆರಿಗೆ ಇಲ್ಲ. ಪಾಸ್‌ಪೋರ್ಟ್ ಜೊತೆಗೆ ದೇಶ ಪ್ರವೇಶದ ದಾಖಲೆ ಕೇಳುತ್ತಾರೆ, ಪೆರುವಿನಲ್ಲಿ ಅದು ಈಗ ಕಂಪ್ಯೂಟರಿನಲ್ಲೇ ಇರುತ್ತದೆ, ವಲಸೆ ಇಲಾಖೆಯ ಪುಟದಿಂದ ಇಳಿಸಿಕೊಂಡು ತೋರಿಸಬೇಕು. ಕೊಲಂಬಿಯಾದಲ್ಲೂ ಹೋಟೆಲಿನ 19% ತೆರಿಗೆಗೆ ಇಂಥದ್ದೇ ವಿನಾಯಿತಿ ಇದೆ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹತ್ತುವ ಮುಂಚೆ ಅಂಕಿ ಒಪ್ಪಿಸಿ, ಬರೆಸಿಕೊಂಡು ಕೂರಬೇಕು. ಪೆರುವಿನ ಹಣ ಒಂದು ಸೋಲ್‌ಗೆ ಆಗ ನಮ್ಮ ಇಪ್ಪತ್ತಮೂರು, ಇಪ್ಪತ್ತನಾಲ್ಕು ರೂಪಾಯಿ.

ಲಿಮಾದಿಂದ ಆಂಡೀಸ್ ಬೆಟ್ಟದ ಮೇಲಿನ ಕುಸ್ಕೊಗೆ ಬಸ್ಸಿನಲ್ಲಿ ಇಪ್ಪತ್ತು ಗಂಟೆಯ ಮೇಲಾಗುತ್ತದೆ, ವಿಮಾನದಲ್ಲಿ ಒಂದೂಕಾಲು ಗಂಟೆ. ಮಂಜಿನಿಂದ ವಿಮಾನ ತಡವಾಯಿತು, ಮೈಕಿನಲ್ಲಿ ವೇಗವಾಗಿ ಸ್ಪ್ಯಾನಿಷ್‌ನಲ್ಲಿ ಏನೇನೋ ಹೇಳುತ್ತಿದ್ದರು. ಅಂಥ ಹೊತ್ತಿಗೆ ನಾವು ಮಾಡಿದ ಉಪಾಯ ಇದು: ಸಾಲಿನಲ್ಲಿ ನಮ್ಮದೇ ವಿಮಾನದ ಚೀಟಿ ಹಿಡಿದಿದ್ದ ಮಕ್ಕಳೊಂದಿಗಿನ ಸಂಸಾರವೊಂದನ್ನು ಗುರುತಿಟ್ಟುಕೊಂಡೆವು, ನಮ್ಮ ಚೀಟಿ ತೋರಿಸಿ ನಕ್ಕೆವು. ಗೇಟು ಬದಲಾದಾಗ ಆ ತಾಯಿಯೇ ಬಂದು ನನ್ನ ಕೈಹಿಡಿದು ಕರೆದುಕೊಂಡು ಹೋದಳು.

ಕುಸ್ಕೊ 3,399 ಮೀಟರ್. ಎತ್ತರದ ಬಾಧೆಗೆ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ಊರಿನ ವೈದ್ಯರನ್ನು ಕೇಳಿಯೇ ಹೋಗಿ. ಇವರು ರಕ್ತದೊತ್ತಡದ ಮಾತ್ರೆ ನುಂಗುವವರಾದ್ದರಿಂದ ಅದರ ಮಾತನ್ನೂ ಆಡಿಕೊಂಡಿದ್ದೆವು. ಹಾಗಿದ್ದೂ ಆ ರಾತ್ರಿ ಇವರಿಗೆ ತಲೆನೋವು, ನಿದ್ದೆಯಿಲ್ಲ. ಹೋಟೆಲಿನವರು ಆಮ್ಲಜನಕ ಕೊಟ್ಟರು. ಮರುದಿನವೇ 2,800 ಮೀಟರ್ ಆಸುಪಾಸಿನ ಕಣಿವೆಯ ಊರಾದ ಒಯಾಂತಾಯ್‌ತಾಂಬೊಗೆ ಇಳಿದೆವು, ಅಲ್ಲಿ ಮೈ ಹಗುರವಾಯಿತು. ಕುಸ್ಕೊದಲ್ಲಿ ಇಳಿದವರು ಮೊದಲು ಕಣಿವೆಗೆ ಹೋಗಿ, ಊರನ್ನು ಕೊನೆಗೆ ನೋಡುವುದೇ ಒಳ್ಳೆಯದು. ಒಯಾಂತಾಯ್‌ತಾಂಬೊದಿಂದಲೇ ಮಾಚುಪಿಚುವಿಗೆ ರೈಲು. ಮಾಚುಪಿಚು ಪ್ರವೇಶದ ಟಿಕೆಟ್ ವಿದೇಶಿಯರಿಗೆ ಆಗ 152 ಸೋಲ್ ಇತ್ತು. ರೈಲಿನ ಖರ್ಚು ಅದರ ಎರಡು ಮೂರು ಪಟ್ಟು. ಮೂಲ ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮಾಚುಪಿಚು ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಸಂತೆಗೆ ಬರುತ್ತೇನೆ.

ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಗೆಡ್ಡೆ ಮಾರುವ ಹೆಂಗಸರ ಮುಂದೆ ಇವರು ನಿಂತವರು ಕದಲಲಿಲ್ಲ. ಕಪ್ಪು, ಕೆಂಪು, ಹಳದಿ, ಬೆರಳಿನಂತೆ ಸಣ್ಣವು, ಗಂಟುಗಂಟಾದವು. ಆಂಡೀಸ್‌ನಲ್ಲಿ ಸಾವಿರಾರು ತಳಿಗಳಿವೆ ಎಂದು ಕೇಳುವುದು ಬೇರೆ, ರಾಶಿ ನೋಡುವುದು ಬೇರೆ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಒಣಗಿಸಿ, ತುಳಿದು ನೀರು ತೆಗೆದ 'ಚುನ್ಯೊ' ಎಂಬ ಒಣ ಗೆಡ್ಡೆಯೂ ಇತ್ತು, ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಇವರು ಫೋನು ತೆಗೆದು ನಮ್ಮ ಹೊಲದ ಚಿತ್ರ ತೋರಿಸಿದರು. ಒಬ್ಬ ಅಜ್ಜಿ ಚಿತ್ರ ನೋಡಿ, ಗೆಡ್ಡೆಯೊಂದನ್ನು ಕೊಯ್ದು ಒಳಗಿನ ನೇರಳೆ ಬಣ್ಣ ತೋರಿಸಿದರು. ಆಮೇಲೆ ಇವರು ಅಂಗಮಾರಿ ಬಿದ್ದು ಸುಟ್ಟಂತಾದ ಎಲೆಯ ಚಿತ್ರ ತೆಗೆದರು. ಆ ಅಜ್ಜಿಯ ಮುಖ ಬದಲಾಯಿತು. 'ರಾಂಚಾ' ಎಂದರು, ತಲೆ ಅಲ್ಲಾಡಿಸಿದರು, ಕೈಯಲ್ಲಿ ಮಳೆ ಸುರಿಯುವುದನ್ನು ತೋರಿಸಿ ಅಂಗೈಯನ್ನು ಮಡಿಚಿ ಬಾಡಿಸಿದರು. ಅಲ್ಲಿ ಆ ರೋಗಕ್ಕೆ ಅದೇ ಹೆಸರು. ಇವರು ಹೌದು ಹೌದು ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಒಂದೇ ಹೊಲದಲ್ಲಿ ಹಲವು ತಳಿ ಕಲಸಿ ಹಾಕುತ್ತೇವೆ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ ಎಂಬುದನ್ನು ಆ ಅಜ್ಜಿ ಬೇರೆ ಬೇರೆ ಬಣ್ಣದ ಗೆಡ್ಡೆಗಳನ್ನು ಸಾಲಾಗಿ ಜೋಡಿಸಿಯೇ ತಿಳಿಸಿದರು.

ಅಲ್ಲಿ ಗಮನಿಸಿದ್ದು, ಕುಸ್ಕೊ ಕಡೆಯ ಇಂಥ ಹಿರಿಯರ ಮನೆಮಾತು ಕೆಚುವಾ, ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆ. ಅವರು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಆಡುತ್ತಾರೆ. ಇಡೀ ಪ್ರಯಾಣದಲ್ಲಿ ನಮಗೆ ಅತಿ ಹೆಚ್ಚು ಅರ್ಥವಾದದ್ದು ಅವರ ಮಾತೇ. ಇವರಿಗೆ ನಾಲ್ಕು ಗೆಡ್ಡೆ ಊರಿಗೆ ತರಬೇಕೆಂದು ಬಹಳ ಆಸೆಯಿತ್ತು. ಸಸ್ಯ ರೋಗ ಹರಡದಂತೆ ತಡೆಯುವ ನಿಯಮ ಅಮೆರಿಕದಲ್ಲೂ ಭಾರತದಲ್ಲೂ ಬಿಗಿ, ಗೆಡ್ಡೆ, ಬೀಜ ಏನನ್ನೂ ಹೀಗೆ ತರುವಂತಿಲ್ಲ. ಹೋಟೆಲಿನಲ್ಲಿ ಪ್ರೀತಿಯಿಂದ ಕೊಡುವ ಕೋಕಾ ಎಲೆಯ (ಕೊಕೇನ್ ತೆಗೆಯುವ ಎಲೆ) ಚಹಾದ ಪೊಟ್ಟಣಗಳನ್ನೂ ಪೆಟ್ಟಿಗೆಯಲ್ಲಿ ಉಳಿಸಿಕೊಳ್ಳಬೇಡಿ. ಪೆರುವಿನಲ್ಲಿ ಅದಕ್ಕೆ ಅಡ್ಡಿಯಿಲ್ಲ, ಅಮೆರಿಕದೊಳಗೆ ತರುವುದು ಅಪರಾಧ.

ಹ್ಯೂಸ್ಟನ್‌ಗೆ ವಾಪಸಾದಾಗ ವಲಸೆ ಅಧಿಕಾರಿ ನಮ್ಮನ್ನು ಹೊಸದಾಗಿ ಬಂದವರಂತೆಯೇ ವಿಚಾರಿಸಿದರು: ಏಕೆ ಹೋಗಿದ್ದಿರಿ, ಮತ್ತೆ ಏಕೆ ಬಂದಿರಿ, ಭಾರತಕ್ಕೆ ಯಾವಾಗ. ಬೆಂಗಳೂರಿನ ಟಿಕೆಟ್ ಕೈಯಲ್ಲಿದ್ದದ್ದು ಒಳ್ಳೆಯದಾಯಿತು. ಲಸಿಕೆ, ವಿಮೆ, ವಿಮಾನ, ಊಟ, ವಸತಿ ಎಲ್ಲ ಸೇರಿ ಹ್ಯೂಸ್ಟನ್‌ನಿಂದ ಹ್ಯೂಸ್ಟನ್‌ಗೆ ಇಬ್ಬರಿಗೂ ಮೂರೂವರೆ ಲಕ್ಷದೊಳಗೆ ಆಯಿತು. ಅರ್ಧದಷ್ಟು ವಿಮಾನಕ್ಕೇ.

ಲಿಮಾ ಬಿಟ್ಟು ಆರು ದಿನದೊಳಗೇ ಬೆಂಗಳೂರಿನಲ್ಲಿ ಇಳಿದೆವು. ಹೋದ ದೇಶಗಳ ಹೆಸರು ಹೇಳಿದ ಕೂಡಲೇ ಆರೋಗ್ಯ ಇಲಾಖೆಯ ಮೇಜಿಗೆ ಕಳಿಸಿದರು. ಹಳದಿ ಪುಸ್ತಕಗಳನ್ನು ತೋರಿಸಿದೆವು, ಪಾಸ್‌ಪೋರ್ಟ್ ನಂಬರ್, ಮುದ್ರೆ, ದಿನಾಂಕ ನೋಡಿ ಕಳಿಸಿಕೊಟ್ಟರು. 2016ರಿಂದ ಆ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ ಇದೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದರೂ ಹಳೆಯದನ್ನು ಎಸೆಯದೆ ಇದರ ಜೊತೆಗೇ ಇಡಿ, ನಂಬರ್ ಹೊಂದಿಸಿ ತೋರಿಸಲು ಬೇಕಾಗುತ್ತದೆ.